ಪಿಚ್ ಡಾಕ್ಯುಮೆಂಟ್‌ಗೆ ಯಾವ ಸಾಫ್ಟ್‌ವೇರ್? ಕಷ್ಟದ ಮೂರು ಪುಟಗಳಿಂದ ಶುರು ಮಾಡಿ

ಕಥೆ ಸಿದ್ಧವಾಗಿದೆ. ಪಾತ್ರಗಳ ಟಿಪ್ಪಣಿ ಇದೆ, ಒಂದಷ್ಟು ಚಿತ್ರಗಳಿವೆ, ಯಾರಿಗೆ ಕಳಿಸಬೇಕು ಅನ್ನುವುದೂ ಗೊತ್ತಿದೆ. ಈಗ ಅದನ್ನೆಲ್ಲ ಸೇರಿಸಿ ಹದಿನೈದು ಇಪ್ಪತ್ತು ಪುಟಗಳ ಪಿಚ್ ಮಾಡಬೇಕು, ಅಂದರೆ ನಿರ್ಮಾಪಕರಿಗೋ ಪ್ರಕಾಶಕರಿಗೋ ಕೃತಿಯನ್ನು ಪರಿಚಯಿಸಿ ಒಪ್ಪಿಸುವ ಡಾಕ್ಯುಮೆಂಟ್. ಕೃತಿ ವೆಬ್ ಸರಣಿ ಇರಬಹುದು, ಸಾಕ್ಷ್ಯಚಿತ್ರ ಇರಬಹುದು, ಚಿತ್ರಕಾದಂಬರಿ, ಗೇಮ್, ನಾಟಕ ಏನೇ ಇರಬಹುದು. ಎಲ್ಲರೂ ಮೊದಲು ಕೇಳುವುದು ಒಂದೇ: ಯಾವ ಸಾಫ್ಟ್‌ವೇರ್ ಚೆನ್ನಾಗಿದೆ?

ಈ ಪ್ರಶ್ನೆಗೆ ಸಿಗುವ ಉತ್ತರವೆಲ್ಲ ಉತ್ತರ ಕೊಟ್ಟವರ ಅಭ್ಯಾಸದ ಮೇಲೆ ನಿಂತಿರುತ್ತದೆ. ಡಿಸೈನರ್ ಇನ್‌ಡಿಸೈನ್ ಅನ್ನುತ್ತಾರೆ, ಆಫೀಸಿನಲ್ಲಿ ಕೆಲಸ ಮಾಡುವವರು ಪವರ್‌ಪಾಯಿಂಟ್ ಸಾಕು ಅನ್ನುತ್ತಾರೆ, ಫೋನಿನಲ್ಲೇ ಎಲ್ಲ ಮಾಡುವವರು ಕ್ಯಾನ್ವಾ ಅನ್ನುತ್ತಾರೆ. ಅವರವರ ಮಟ್ಟಿಗೆ ಎಲ್ಲರೂ ಸರಿ. ನಿಮ್ಮ ಪಿಚ್‌ಗೆ ಯಾವುದು ಸರಿ ಅಂತ ತಿಳಿಯಲು ಬೇರೆ ಮೂರು ಸಂಗತಿ ಗೊತ್ತಿರಬೇಕು. ಅದು ಕೊನೆಗೆ ಎಲ್ಲಿ ತೆರೆದುಕೊಳ್ಳುತ್ತದೆ? ಕಳಿಸುವ ಮೊದಲು ಎಷ್ಟು ಸಲ ಬದಲಾಗುತ್ತದೆ? ಆ ಬದಲಾವಣೆ ಯಾರು ಮಾಡುತ್ತಾರೆ? ನನ್ನ ಪ್ರಕಾರ ಎರಡನೆಯದೇ ಎಲ್ಲಕ್ಕಿಂತ ಮುಖ್ಯ. ಮುಖಪುಟವನ್ನು ಯಾವ ಸಾಫ್ಟ್‌ವೇರ್‌ನಲ್ಲಾದರೂ ಚೆಂದ ಮಾಡಬಹುದು. ಕಳಿಸುವ ಹಿಂದಿನ ದಿನ ಒಂದು ಪಾತ್ರವನ್ನೇ ತೆಗೆದುಹಾಕಬೇಕಾಗಿ ಬಂದಾಗ ಯಾವುದು ನಿಮ್ಮ ಜೊತೆ ನಿಲ್ಲುತ್ತದೆ ಅನ್ನುವುದೇ ನಿಜವಾದ ಪರೀಕ್ಷೆ.

1. ಓದುವವರು ಎಲ್ಲಿ ಓದುತ್ತಾರೆ?

ಪಿಚ್ ಮೂರು ರೀತಿಯಲ್ಲಿ ಓದುಗರನ್ನು ತಲುಪುತ್ತದೆ. ಮೇಲ್‌ನಲ್ಲೋ ವಾಟ್ಸ್‌ಆ್ಯಪ್‌ನಲ್ಲೋ ಪಿಡಿಎಫ್ ಆಗಿ ಹೋಗುತ್ತದೆ, ಅವರು ಒಬ್ಬರೇ ಕೂತು ಓದುತ್ತಾರೆ. ಅಥವಾ ನೀವು ಎದುರಿಗೆ ನಿಂತು ದೊಡ್ಡ ಪರದೆಯಲ್ಲಿ ತೋರಿಸುತ್ತೀರಿ. ಅಥವಾ ಮುದ್ರಿಸಿ ಕೈಗೆ ಕೊಡುತ್ತೀರಿ. ನೀವು ಪಕ್ಕದಲ್ಲಿ ಇಲ್ಲದಾಗ ಪಿಚ್ ತಾನೇ ಎಲ್ಲ ಹೇಳಬೇಕು, ಹಾಗಾಗಿ ಅದರಲ್ಲಿ ಬರಹ ಜಾಸ್ತಿ ಇರುತ್ತದೆ. ಎದುರಿಗೆ ನಿಂತು ತೋರಿಸುವಾಗ ಪುಟಕ್ಕೆ ಒಂದು ಚಿತ್ರ, ಒಂದು ಸಾಲು ಸಾಕು. ಒಂದೇ ಫೈಲ್ ಎರಡಕ್ಕೂ ಆಗಲಿ ಅಂತ ಹೊರಟರೆ ಓದುವುದಕ್ಕೆ ತೆಳುವಾಗುತ್ತದೆ, ನೋಡುವುದಕ್ಕೆ ಭಾರವಾಗುತ್ತದೆ.

ಪುಟದ ಅಳತೆಯನ್ನು ಈಗಲೇ ನಿರ್ಧರಿಸಿ. ಪರದೆಗೆ 16:9 ಅನುಪಾತದ ಅಡ್ಡ ಪುಟ ರೂಢಿಯಲ್ಲಿದೆ. ಮುದ್ರಣಕ್ಕೆ ಎ4, ಅಂದರೆ 210 × 297 ಮಿಲಿಮೀಟರ್. ಅರ್ಧ ಕೆಲಸ ಆದಮೇಲೆ ಅಳತೆ ಬದಲಿಸಿದರೆ ಪ್ರತಿ ಪುಟವನ್ನೂ ಮತ್ತೆ ಜೋಡಿಸಬೇಕಾಗುತ್ತದೆ. ಯಾವ ಸಾಫ್ಟ್‌ವೇರ್ ಕೂಡ ಆ ಕೆಲಸವನ್ನು ಪೂರ್ತಿಯಾಗಿ ತಾನೇ ಮಾಡಿಕೊಡುವುದಿಲ್ಲ.

ಇಲ್ಲಿ ಒಂದು ಲೆಕ್ಕ ಹಾಕಿ ನೋಡೋಣ. ಪವರ್‌ಪಾಯಿಂಟ್‌ನ ಅಡ್ಡ ಸ್ಲೈಡ್ ಸುಮಾರು 33.9 ಸೆಂಟಿಮೀಟರ್ ಅಗಲ ಇರುತ್ತದೆ. ಅದನ್ನು ಓದುವವರು ಫೋನನ್ನು ನೆಟ್ಟಗೆ ಹಿಡಿದುಕೊಂಡು ತೆರೆದರೆ ಆ ಅಗಲ ಏಳು ಸೆಂಟಿಮೀಟರ್‌ಗೆ ಕುಗ್ಗುತ್ತದೆ, ಅಂದರೆ ಹತ್ತಿರ ಹತ್ತಿರ ಐದನೇ ಒಂದು ಭಾಗ. ನೀವು 20 ಪಾಯಿಂಟ್‌ನಲ್ಲಿ ಬರೆದದ್ದು ಅವರ ಕಣ್ಣಿಗೆ 4 ಪಾಯಿಂಟ್‌ನಂತೆ ಕಾಣುತ್ತದೆ. ಕನ್ನಡದ ಒತ್ತಕ್ಷರಗಳನ್ನು ಆ ಗಾತ್ರದಲ್ಲಿ ಓದುವುದು ಬಹಳ ಕಷ್ಟ. ಅವರು ಫೋನ್ ತಿರುಗಿಸಿಕೊಂಡು ಓದುತ್ತಾರೆ ಅಂತ ನಂಬಿ ಕೂರಬೇಡಿ. ಹೆಚ್ಚಿನ ಓದುಗರು ಫೋನಿನಲ್ಲೇ ನೋಡುತ್ತಾರೆ ಅನಿಸಿದರೆ ಅಕ್ಷರ ದೊಡ್ಡದು ಮಾಡಿ, ಪುಟಕ್ಕೆ ಬರಹ ಕಡಿಮೆ ಮಾಡಿ, ಇಲ್ಲವೇ ಉದ್ದ ಪುಟ ಆರಿಸಿಕೊಳ್ಳಿ.

2. ಬರಹವನ್ನು ಬೇರೆ ಕಡೆ ಬರೆದು ಮುಗಿಸಿ

ವರ್ಡ್, ಗೂಗಲ್ ಡಾಕ್ಸ್, ಯಾವುದಾದರೂ ಸರಿ. ಒಂದು ಸಾಲಿನ ಕಥೆ, ಕಥಾಸಾರ, ಪಾತ್ರಗಳು, ದೃಶ್ಯದ ಧಾಟಿ, ಯಾಕೆ ಈಗ, ತಂಡ, ವೇಳಾಪಟ್ಟಿ, ಬಜೆಟ್ಟಿನ ಹೊರನೋಟ, ಸಂಪರ್ಕ: ಇವೆಲ್ಲ ಮೊದಲು ಬರೀ ಅಕ್ಷರದಲ್ಲಿ ಇರಲಿ. ಚೌಕದೊಳಗೆ ಕೂರಿಸುತ್ತಾ ಬರೆದರೆ ಚೌಕ ತುಂಬಿಸಲು ಬರೆಯುತ್ತೇವೆ, ಅಥವಾ ಹಿಡಿಸುವುದಿಲ್ಲ ಅಂತ ಒಳ್ಳೆಯ ಸಾಲನ್ನೇ ಕಡಿಯುತ್ತೇವೆ. ಜೊತೆಗೆ ಯಾವ ಪುಟದಲ್ಲಿ ಏನು ಅಂತ ಒಂದು ಕಾಗದದ ಮೇಲೆ ಸಣ್ಣ ಚೌಕಗಳನ್ನು ಬರೆದು ಗುರುತು ಹಾಕಿಕೊಳ್ಳಿ.

3. ಕಷ್ಟದ ಮೂರು ಪುಟಗಳನ್ನು ಆರಿಸಿ

ಸಾಮಾನ್ಯವಾಗಿ ನಾವು ಮಾಡುವುದು ಏನು? ಸಾಫ್ಟ್‌ವೇರ್ ತೆರೆದು ಟೆಂಪ್ಲೇಟ್‌ಗಳನ್ನು ನೋಡುತ್ತಾ ಕೂರುತ್ತೇವೆ. ಅಲ್ಲಿ ಕಾಣುವ ಹೆಸರುಗಳೆಲ್ಲ ಚಿಕ್ಕವು, ಫೋಟೋಗಳೆಲ್ಲ ಒಂದೇ ಬೆಳಕಿನಲ್ಲಿ ತೆಗೆದವು, ಬರಹ ಎರಡೇ ಸಾಲು. ನಮ್ಮ ಸಾಮಗ್ರಿ ಹಾಗೆ ಇರುವುದಿಲ್ಲ ಅಲ್ವಾ? ಆದ್ದರಿಂದ ಟೆಂಪ್ಲೇಟ್ ನೋಡಿ ಸಾಫ್ಟ್‌ವೇರ್ ಆರಿಸಬೇಡಿ. ನಿಮ್ಮದೇ ಪಿಚ್‌ನ ಮೂರು ತೊಡಕಿನ ಪುಟಗಳನ್ನು ತೆಗೆದುಕೊಳ್ಳಿ, ನೀವು ಯೋಚಿಸುತ್ತಿರುವ ಎರಡು ಸಾಫ್ಟ್‌ವೇರ್‌ಗಳಲ್ಲಿ ಅವನ್ನು ಮಾಡಿ ನೋಡಿ.

ಯಾವ ಮೂರು? ಒಂದು, ಬರಹ ಜಾಸ್ತಿ ಇರುವ ಪುಟ, ಹೆಚ್ಚಾಗಿ ಕಥಾಸಾರ. ಇನ್ನೊಂದು ಪಾತ್ರಗಳ ಪುಟ, ಯಾಕೆಂದರೆ ಅದರಲ್ಲಿ ಫೋಟೋ, ಹೆಸರು, ವಿವರಣೆ ಎಲ್ಲ ಒಂದೇ ಅಚ್ಚಿನಲ್ಲಿ ಹಲವು ಸಲ ಬರಬೇಕು. ಮೂರನೆಯದು ಪಟ್ಟಿ ಇರುವ ಪುಟ: ವೇಳಾಪಟ್ಟಿಯೋ, ಕಂತುಗಳ ವಿವರವೋ. ಚಿತ್ರ ಪೂರ್ತಿ ತುಂಬಿರುವ ಪುಟ ನೋಡಲು ಭಾರಿ ಅನಿಸಿದರೂ ಮಾಡಲು ಸುಲಭ, ಅದನ್ನು ಪರೀಕ್ಷೆಗೆ ಇಡಬೇಕಿಲ್ಲ.

ಪುಟ ಮಾಡಿದ್ದಷ್ಟಕ್ಕೆ ಪರೀಕ್ಷೆ ಮುಗಿಯುವುದಿಲ್ಲ, ಅಸಲಿ ಪರೀಕ್ಷೆ ಈಗ ಶುರು. ಏಳು ಪಾತ್ರಗಳ ಪುಟ ಅಂದುಕೊಳ್ಳಿ. ಮೂರನೇ ಪಾತ್ರವನ್ನು ತೆಗೆಯಿರಿ. ಉಳಿದ ಆರು ತಾವಾಗಿ ಜರುಗಿ ಸರಿಯಾಗುತ್ತವಾ, ಇಲ್ಲ ಒಂದೊಂದನ್ನೂ ಕೈಯಲ್ಲಿ ಎಳೆದು ಕೂರಿಸಬೇಕಾ? ಆಮೇಲೆ ಎಲ್ಲ ಪಾತ್ರಗಳ ಹೆಸರಿನ ಬಣ್ಣ ಬದಲಿಸಿ. ಒಂದು ಕಡೆ ಬದಲಿಸಿದರೆ ಎಲ್ಲ ಕಡೆ ಆಯಿತಾ? ಕಥಾಸಾರಕ್ಕೆ ಇನ್ನೆರಡು ಪ್ಯಾರಾ ಸೇರಿಸಿ. ಹೆಚ್ಚಿದ ಬರಹ ಮುಂದಿನ ಪುಟಕ್ಕೆ ತಾನೇ ಹರಿಯಿತಾ, ಚೌಕದ ಹೊರಗೆ ಚೆಲ್ಲಿತಾ, ಅಥವಾ ನಿಮ್ಮನ್ನು ಕೇಳದೆ ಅಕ್ಷರವನ್ನೇ ಚಿಕ್ಕದು ಮಾಡಿಬಿಟ್ಟಿತಾ? ಒಂದು ಫೋಟೋ ತೆಗೆದು ಇನ್ನೊಂದು ಹಾಕಿ. ಹಳೆಯ ಅಳತೆಯಲ್ಲೇ ಕೂತಿತಾ?

ಇಷ್ಟು ಮಾಡಲು ಒಂದು ಮಧ್ಯಾಹ್ನ ಸಾಕು. ಇಷ್ಟಾದ ಮೇಲೆ ಯಾವುದು ಬೇಕು ಅಂತ ಬೇರೆಯವರನ್ನು ಕೇಳುವ ಅಗತ್ಯ ಬಹುಪಾಲು ಉಳಿದಿರುವುದಿಲ್ಲ.

ಈ ಪರೀಕ್ಷೆಯಲ್ಲಿ ಎರಡು ಸೌಲಭ್ಯಗಳು ಎದ್ದು ಕಾಣುತ್ತವೆ. ಒಂದು ಮಾಸ್ಟರ್ ಪೇಜ್. ಪುಟಸಂಖ್ಯೆ, ಶೀರ್ಷಿಕೆಯ ಪಟ್ಟಿ, ಹಿನ್ನೆಲೆ ಬಣ್ಣ ಇವನ್ನು ಒಂದು ಕಡೆ ಇಟ್ಟರೆ ಎಲ್ಲ ಪುಟಗಳಲ್ಲಿ ಬರುತ್ತವೆ. ಪವರ್‌ಪಾಯಿಂಟ್‌ನಲ್ಲಿ ಇದಕ್ಕೆ ಸ್ಲೈಡ್ ಮಾಸ್ಟರ್ ಅಂತಾರೆ, ಈಗಿನ ಇನ್‌ಡಿಸೈನ್‌ನಲ್ಲಿ ಪೇರೆಂಟ್ ಪೇಜ್. ಇನ್ನೊಂದು ಪ್ಯಾರಾಗ್ರಾಫ್ ಸ್ಟೈಲ್. ಶೀರ್ಷಿಕೆ, ಉಪಶೀರ್ಷಿಕೆ, ಮೈಬರಹ, ಚಿತ್ರದ ಅಡಿಬರಹ ಅಂತ ಹೆಸರಿಟ್ಟು ರೂಪ ಕೊಟ್ಟುಬಿಟ್ಟರೆ ಆಮೇಲೆ ಬದಲಾವಣೆ ಒಂದೇ ಕ್ಲಿಕ್ಕಿನಲ್ಲಿ ಆಗುತ್ತದೆ. ಇಪ್ಪತ್ತು ಪುಟ ದಾಟುವ ಪಿಚ್‌ಗೆ ಇವೆರಡೂ ಇಲ್ಲದ ಸಾಫ್ಟ್‌ವೇರ್ ತೆಗೆದುಕೊಂಡರೆ ಕೊನೆಯ ವಾರ ಪೂರ್ತಿ ಅಕ್ಷರದ ಗಾತ್ರ ಸರಿಮಾಡುವುದರಲ್ಲೇ ಹೋಗುತ್ತದೆ.

4. ಕನ್ನಡದಲ್ಲಿ ಬರೆಯುವುದಾದರೆ, ಇದನ್ನು ಬಿಡಲೇಬೇಡಿ

ಬೇರೆ ಭಾಷೆಯವರು ಬರೆದ ಸಾಫ್ಟ್‌ವೇರ್ ಹೋಲಿಕೆಗಳಲ್ಲಿ ಈ ವಿಷಯ ಇರುವುದೇ ಇಲ್ಲ. ಎಲ್ಲ ಸಾಫ್ಟ್‌ವೇರ್‌ಗಳೂ ಕನ್ನಡವನ್ನು ಸರಿಯಾಗಿ ಜೋಡಿಸುವುದಿಲ್ಲ. ಹೊಸ ಪುಟ ತೆರೆದು ಈ ಪದಗಳನ್ನು ಬರೆಯಿರಿ: ಸ್ವಾತಂತ್ರ್ಯ, ಸ್ತ್ರೀ, ಕಾರ್ಯಕ್ಷೇತ್ರ, ಕ್ರೌರ್ಯ, ವಿಜ್ಞಾನ, ಜ್ಯೋತ್ಸ್ನಾ. ಒತ್ತಕ್ಷರ ಕೆಳಗೆ ಬಾರದೆ ಅರ್ಧಾಕ್ಷರಗಳು ಬಿಡಿಬಿಡಿಯಾಗಿ ನಿಂತರೆ, ಅರ್ಕಾವತ್ತು ತನ್ನ ಜಾಗ ಬಿಟ್ಟರೆ, ದೀರ್ಘ ಬೇರೆಯಾಗಿ ಕೂತರೆ ಆ ಸಾಫ್ಟ್‌ವೇರ್‌ಗೆ ಕನ್ನಡ ಬರುವುದಿಲ್ಲ, ಅಥವಾ ಅದರ ಸೆಟ್ಟಿಂಗ್ ಸರಿ ಇಲ್ಲ.

ಸೆಟ್ಟಿಂಗ್ ತಪ್ಪಿರುವುದೇ ಎಷ್ಟೋ ಸಲ ಕಾರಣವಾಗಿರುತ್ತದೆ. ಇನ್‌ಡಿಸೈನ್‌ನಲ್ಲಿ ಕನ್ನಡ ಒಡೆದುಕೊಂಡು ಕಂಡರೆ ಪ್ಯಾರಾಗ್ರಾಫ್ ಪ್ಯಾನೆಲ್‌ನ ಮೆನು ತೆರೆದು ವರ್ಲ್ಡ್-ರೆಡಿ ಪ್ಯಾರಾಗ್ರಾಫ್ ಕಂಪೋಸರ್ ಆರಿಸಿ. ತಕ್ಷಣ ಅಕ್ಷರಗಳು ಸರಿಯಾಗಿ ಕೂಡಿಕೊಳ್ಳುತ್ತವೆ. ಅದನ್ನೇ ಪ್ಯಾರಾಗ್ರಾಫ್ ಸ್ಟೈಲ್‌ನಲ್ಲೂ ಸೇರಿಸಿ, ಇಲ್ಲದಿದ್ದರೆ ಪ್ರತಿ ಸಲ ಇದೇ ಕೆಲಸ. ಇಲಸ್ಟ್ರೇಟರ್, ಫೋಟೋಶಾಪ್‌ಗಳಲ್ಲೂ ಇದಕ್ಕೆ ಹೊಂದುವ ಆಯ್ಕೆ ಇದೆ. ಸ್ಕ್ರೈಬಸ್ ಅನ್ನುವ ಉಚಿತ ಪುಟವಿನ್ಯಾಸ ಸಾಫ್ಟ್‌ವೇರ್ ಬಳಸುವುದಾದರೆ 2024ರಲ್ಲಿ ಬಂದ 1.6 ಅಥವಾ ಅದರ ನಂತರದ ಆವೃತ್ತಿಯನ್ನೇ ಹಾಕಿಕೊಳ್ಳಿ. ಹಳೆಯ 1.4ರಲ್ಲಿ ಒತ್ತಕ್ಷರ ಸರಿಯಾಗಿ ಬರುವುದಿಲ್ಲ. ಲಿಬ್ರೆ ಆಫೀಸ್, ಪವರ್‌ಪಾಯಿಂಟ್, ಗೂಗಲ್ ಸ್ಲೈಡ್ಸ್ ಇವು ಕನ್ನಡವನ್ನು ಚೆನ್ನಾಗಿಯೇ ತೋರಿಸುತ್ತವೆ. ಅಫಿನಿಟಿಯಂಥ ಸಾಫ್ಟ್‌ವೇರ್‌ನಲ್ಲಿ ಭಾರತೀಯ ಲಿಪಿಗಳ ತೊಂದರೆ ಬಹುಕಾಲ ಇತ್ತು, ಆದ್ದರಿಂದ ನಿಮ್ಮ ಬಳಿ ಇರುವ ಆವೃತ್ತಿಯಲ್ಲಿ ಮೇಲಿನ ಪದಗಳನ್ನು ಬರೆದು ನೋಡದೆ ಮುಂದೆ ಹೋಗಬೇಡಿ.

ಪರದೆಯಲ್ಲಿ ಸರಿ ಕಂಡರೆ ಮುಗಿಯಲಿಲ್ಲ. ಪಿಡಿಎಫ್ ಮಾಡಿ, ಅದನ್ನು ಬೇರೆ ಯಂತ್ರದಲ್ಲಿ ತೆರೆದು ಮತ್ತೆ ನೋಡಿ.

ಫಾಂಟ್ ಬಗ್ಗೆ ಒಂದು ಮಾತು. ಯೂನಿಕೋಡ್, ಅಂದರೆ ಎಲ್ಲ ಯಂತ್ರಗಳೂ ಒಂದೇ ರೀತಿ ಗುರುತಿಸುವ ಅಕ್ಷರ ಸಂಕೇತದ ಫಾಂಟನ್ನೇ ಬಳಸಿ. ಡಿಟಿಪಿ ಕೆಲಸದವರ ಹತ್ತಿರ ಹಳೆಯ ನುಡಿ, ಬರಹ, ಶ್ರೀಲಿಪಿ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಫೈಲುಗಳು ಇನ್ನೂ ಇರುತ್ತವೆ. ಅವನ್ನು ಹಾಗೇ ತಂದು ಅಂಟಿಸಿ ಫಾಂಟ್ ಬದಲಿಸಿದರೆ ಅರ್ಥವಿಲ್ಲದ ಚಿಹ್ನೆಗಳ ಸಾಲು ಕಾಣುತ್ತದೆ. ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ, ಆಮೇಲೆ ಪುಟಕ್ಕೆ ತನ್ನಿ, ತಂದಮೇಲೆ ಒಂದು ಸಲ ಪೂರ್ತಿ ಓದಿ. ಪರಿವರ್ತನೆಯಲ್ಲಿ ಕೆಲವು ಅಕ್ಷರ ತಪ್ಪುವುದು ಸಾಮಾನ್ಯ. 1985ರಲ್ಲಿ ಬಂದ ಪೇಜ್‌ಮೇಕರ್ ಡಿಟಿಪಿಗೆ ದಾರಿ ಮಾಡಿಕೊಟ್ಟ ದೊಡ್ಡ ಸಾಫ್ಟ್‌ವೇರ್, ಅದರ ಮೇಲೆ ನನಗೆ ಗೌರವವಿದೆ. ಆದರೆ ಅದರ ಕೊನೆಯ ಆವೃತ್ತಿ 2001ರದು, ಅದಕ್ಕೆ ಯೂನಿಕೋಡ್ ಗೊತ್ತಿಲ್ಲ. ಹೊಸ ಪಿಚ್ ಅದರಲ್ಲಿ ಶುರು ಮಾಡಬೇಡಿ.

ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿ ಸಿಗುವ ನೋಟೋ ಸಾನ್ಸ್ ಕನ್ನಡ, ನೋಟೋ ಸೆರಿಫ್ ಕನ್ನಡ, ಅನೇಕ್ ಕನ್ನಡ, ಟಿರೋ ಕನ್ನಡ, ಬಲೂ ತಮ್ಮ ಇವುಗಳಲ್ಲಿ ಎರಡನ್ನು ಆರಿಸಿಕೊಂಡರೆ ಇಡೀ ಪಿಚ್‌ಗೆ ಸಾಕು. ಉದ್ದದ ಬರಹಕ್ಕೆ ನನಗೆ ಟಿರೋ ಇಷ್ಟ. ಅನೇಕ್‌ನಲ್ಲಿ ತೆಳುವಿನಿಂದ ದಪ್ಪದವರೆಗೆ, ಇಕ್ಕಟ್ಟಿನಿಂದ ಅಗಲದವರೆಗೆ ಹಲವು ರೂಪಗಳಿವೆ, ಶೀರ್ಷಿಕೆಗೆ ಒಳ್ಳೆಯದು. ಯಾವ ಫಾಂಟ್ ಆದರೂ ಸಾಲುಗಳ ನಡುವೆ ಇಂಗ್ಲಿಷ್‌ಗಿಂತ ಜಾಸ್ತಿ ಜಾಗ ಬಿಡಿ. ಒತ್ತಕ್ಷರಗಳು ಕೆಳಗೆ ಇಳಿಯುತ್ತವೆ, ಗುಡಿಸಿನಂಥ ಸ್ವರಚಿಹ್ನೆಗಳು ಮೇಲೆ ಏರುತ್ತವೆ. ಸುಮ್ನೆ ಡಿಫಾಲ್ಟ್ ಬಿಟ್ಟರೆ ಒಂದಕ್ಕೊಂದು ತಾಗುತ್ತವೆ.

5. ಈಗ ಸಾಫ್ಟ್‌ವೇರ್‌ಗಳ ಸರದಿ

ಸ್ಲೈಡ್ ಸಾಫ್ಟ್‌ವೇರ್‌ಗಳು: ಪವರ್‌ಪಾಯಿಂಟ್, ಕೀನೋಟ್, ಗೂಗಲ್ ಸ್ಲೈಡ್ಸ್, ಲಿಬ್ರೆ ಆಫೀಸ್ ಇಂಪ್ರೆಸ್. ಇವನ್ನು ಕೀಳಾಗಿ ನೋಡುವವರಿದ್ದಾರೆ. ನಾನು ಒಪ್ಪುವುದಿಲ್ಲ. ಹನ್ನೆರಡು ಪುಟದ, ಚಿತ್ರಪ್ರಧಾನ ಪಿಚ್‌ಗೆ ಇವು ಧಾರಾಳ. ಸ್ಲೈಡ್ ಮಾಸ್ಟರ್ ಸರಿಯಾಗಿ ಮಾಡಿಕೊಂಡರೆ ಕೆಲಸ ಬೇಗ ಸಾಗುತ್ತದೆ, ತಂಡದಲ್ಲಿ ಯಾರು ಬೇಕಾದರೂ ತಿದ್ದಬಹುದು. ಕೊರತೆ ಇರುವುದು ಬರಹದಲ್ಲಿ. ಒಂದು ಚೌಕದಿಂದ ಇನ್ನೊಂದು ಪುಟದ ಚೌಕಕ್ಕೆ ಬರಹ ಹರಿಯುವುದಿಲ್ಲ, ಹೆಸರಿಟ್ಟ ಪ್ಯಾರಾಗ್ರಾಫ್ ಸ್ಟೈಲ್ ಪವರ್‌ಪಾಯಿಂಟ್‌ನಲ್ಲೂ ಗೂಗಲ್ ಸ್ಲೈಡ್ಸ್‌ನಲ್ಲೂ ಇಲ್ಲ. ಪವರ್‌ಪಾಯಿಂಟ್ ಬಳಸುವವರು ಇನ್ನೊಂದು ಗಮನಿಸಿ: ಸೇವ್ ಮಾಡುವಾಗ ಅದು ಚಿತ್ರಗಳನ್ನು ಕುಗ್ಗಿಸಬಹುದು. ಆಪ್ಷನ್ಸ್ ಒಳಗೆ ಅಡ್ವಾನ್ಸ್ಡ್ ಭಾಗದಲ್ಲಿ ಚಿತ್ರ ಕುಗ್ಗಿಸಬೇಡ ಅನ್ನುವ ಆಯ್ಕೆ ಇದೆ. ಚಿತ್ರ ಹಾಕುವ ಮೊದಲೇ ಅದಕ್ಕೆ ಗುರುತು ಹಾಕಿ.

ಕ್ಯಾನ್ವಾದಲ್ಲಿ ಕಲಿಯುವುದು ಕಡಿಮೆ, ಬ್ರೌಸರ್ ಇದ್ದರೆ ಸಾಕು, ಜೊತೆಯವರ ಜೊತೆ ಒಟ್ಟಿಗೆ ಕೆಲಸ ಮಾಡಬಹುದು. ಮೊದಲ ಪಿಚ್ ಮಾಡುವವರಿಗೆ, ಕೈಯಲ್ಲಿ ಒಂದೇ ವಾರ ಇರುವವರಿಗೆ ನಾನು ಇದನ್ನೇ ಹೇಳುತ್ತೇನೆ. ಎರಡು ಎಚ್ಚರಿಕೆ. ಅಲ್ಲಿನ ಟೆಂಪ್ಲೇಟ್‌ಗಳನ್ನು ಎಲ್ಲರೂ ಬಳಸುತ್ತಾರೆ, ದಿನಾ ಪಿಚ್ ಓದುವವರು ನೋಡಿದ ತಕ್ಷಣ ಗುರುತಿಸುತ್ತಾರೆ, ಆದ್ದರಿಂದ ಖಾಲಿ ಪುಟದಿಂದ ಶುರು ಮಾಡಿ. ಇನ್ನೊಂದು, ಉದ್ದದ ಬರಹಕ್ಕೆ ಇದೂ ಸ್ಲೈಡ್‌ಗಳಂತೆಯೇ ಸೋಲುತ್ತದೆ.

ಫಿಗ್ಮಾ ಮೂಲತಃ ಆ್ಯಪ್ ಮತ್ತು ವೆಬ್ ವಿನ್ಯಾಸಕ್ಕೆ ಮಾಡಿದ್ದು. ಗೇಮ್ ಅಥವಾ ಆ್ಯನಿಮೇಷನ್ ತಂಡದಲ್ಲಿ ಈಗಾಗಲೇ ಎಲ್ಲರಿಗೂ ಗೊತ್ತಿದ್ದರೆ ಪಿಚ್ ಕೂಡ ಅದರಲ್ಲೇ ಮಾಡಿ. ಪಾತ್ರದ ಪುಟದಂಥ ಕಡೆ ಅದರ ಕಾಂಪೊನೆಂಟ್ ಮತ್ತು ಆಟೋ ಲೇಔಟ್ ತುಂಬಾ ಉಪಕಾರಿ: ಒಂದು ಪಾತ್ರ ತೆಗೆದರೆ ಉಳಿದವು ತಾವೇ ಜರುಗಿ ಕೂರುತ್ತವೆ. ಮುದ್ರಣಕ್ಕೆ ಬೇಕಾದ ಸಿಎಂವೈಕೆ ಬಣ್ಣ ಇದರಲ್ಲಿ ಇಲ್ಲ. ಹೊಸದಾಗಿ ಪಿಚ್‌ಗಾಗಿಯೇ ಕಲಿಯಲು ನಾನು ಹೇಳುವುದಿಲ್ಲ.

ಇನ್ನು ಪುಟವಿನ್ಯಾಸಕ್ಕೆಂದೇ ಮಾಡಿದವು. ಇನ್‌ಡಿಸೈನ್ 1999ರಿಂದ ಇದೆ, ಪತ್ರಿಕೆ ಮತ್ತು ಪುಸ್ತಕ ಪ್ರಕಾಶನ ಸಂಸ್ಥೆಗಳಲ್ಲಿ ಬಳಕೆಯಲ್ಲಿದೆ. ಬರಹ ಪುಟದಿಂದ ಪುಟಕ್ಕೆ ಹರಿಯುತ್ತದೆ, ಸ್ಟೈಲ್‌ಗಳು ಗಟ್ಟಿಯಾಗಿವೆ, ಚಿತ್ರಗಳು ಫೈಲಿನ ಹೊರಗಿದ್ದು ಕೊಂಡಿಯಾಗಿ ಸೇರಿಕೊಳ್ಳುತ್ತವೆ. ಕಲಾವಿದರು ಅದೇ ಹೆಸರಿನಲ್ಲಿ ತಿದ್ದಿದ ಚಿತ್ರ ಕೊಟ್ಟರೆ ಅಪ್‌ಡೇಟ್ ಒತ್ತಿದರೆ ಆಯಿತು. ಚಿತ್ರಕಾದಂಬರಿಯ ಪಿಚ್‌ಗೆ ಇದಕ್ಕಿಂತ ಅನುಕೂಲ ಬೇರೆ ಇಲ್ಲ. ಆದರೆ ಇದು ಚಂದಾ ಮಾದರಿಯದು. ಚಂದಾ ನಿಂತರೆ ನಿಮ್ಮ ಫೈಲ್ ನಿಮ್ಮ ಹತ್ತಿರವೇ ಇರುತ್ತದೆ, ತೆರೆಯಲು ಮಾತ್ರ ಆಗುವುದಿಲ್ಲ. ಒಂದು ಪಿಚ್ ಎರಡು ಮೂರು ವರ್ಷ ಸುತ್ತುವುದು ಸಾಮಾನ್ಯ. ಅಷ್ಟು ಕಾಲ ಚಂದಾ ಕಟ್ಟುತ್ತೀರಾ ಅಂತ ಈಗಲೇ ಕೇಳಿಕೊಳ್ಳಿ.

ಅಫಿನಿಟಿ ಪಬ್ಲಿಷರ್ 2019ರಲ್ಲಿ ಬಂತು. ಅದನ್ನು ಮಾಡಿದ ಸೆರಿಫ್ ಕಂಪನಿಯನ್ನು 2024ರಲ್ಲಿ ಕ್ಯಾನ್ವಾ ಕೊಂಡುಕೊಂಡಿತು, 2025ರಲ್ಲಿ ಅಫಿನಿಟಿ ಒಂದೇ ಸಾಫ್ಟ್‌ವೇರ್ ಆಗಿ ಉಚಿತವಾಯಿತು. ಇಂಗ್ಲಿಷ್ ಪಿಚ್ ಮಾಡುವವರಿಗೆ ದೊಡ್ಡ ಅನುಕೂಲ. ಸ್ಕ್ರೈಬಸ್ ಮುಕ್ತ ತಂತ್ರಾಂಶ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ, ಮುದ್ರಣದ ಪಿಡಿಎಫ್ ಚೆನ್ನಾಗಿ ಕೊಡುತ್ತದೆ. ಅದರ ಮೆನುಗಳಿಗೆ ಒಗ್ಗಿಕೊಳ್ಳಲು ತಾಳ್ಮೆ ಬೇಕು. ಖರ್ಚಿಲ್ಲದೆ, ಕನ್ನಡದಲ್ಲಿ, ಬರಹ ಜಾಸ್ತಿ ಇರುವ ಪಿಚ್ ಮಾಡಬೇಕು ಅನ್ನುವವರು ಮೊದಲು ನೋಡಬೇಕಾದದ್ದು ಇದೇ.

6. ಜೊತೆಗೆ ಯಾರಿದ್ದಾರೆ?

ನಿರ್ದೇಶಕರು ಒಂದು ಕಡೆ, ಬರಹಗಾರರು ಇನ್ನೊಂದು ಕಡೆ ಕೂತು ಒಂದೇ ಪುಟ ತಿದ್ದಬೇಕಾದರೆ ಬ್ರೌಸರ್‌ನಲ್ಲಿ ನಡೆಯುವ ಸಾಫ್ಟ್‌ವೇರ್ ಬೇಕು. ಇಲ್ಲದಿದ್ದರೆ ಫೈನಲ್, ಫೈನಲ್ 2, ನಿಜವಾದ ಫೈನಲ್ ಅಂತ ಫೈಲುಗಳು ಹುಟ್ಟಿಕೊಳ್ಳುತ್ತವೆ, ಯಾವುದರಲ್ಲಿ ಯಾರ ತಿದ್ದುಪಡಿ ಇದೆ ಅಂತ ತಿಳಿಯುವುದಿಲ್ಲ. ಇನ್ನೊಂದು ದಾರಿಯೂ ಇದೆ, ನನಗೆ ಇದೇ ಹೆಚ್ಚು ಸರಿ ಅನಿಸುತ್ತದೆ: ಬರಹ ತಿದ್ದುವುದೆಲ್ಲ ಗೂಗಲ್ ಡಾಕ್ಸ್‌ನಲ್ಲಿ ನಡೆಯಲಿ, ಪುಟ ಜೋಡಿಸುವುದನ್ನು ಒಬ್ಬರೇ ಮಾಡಲಿ. ಉಳಿದವರು ಪಿಡಿಎಫ್ ಮೇಲೆ ಟಿಪ್ಪಣಿ ಹಾಕಿ ಕೊಡಲಿ.

ಡಿಸೈನರ್‌ಗೆ ಕೆಲಸ ಒಪ್ಪಿಸುವುದಾದರೆ ಶುರುವಿನಲ್ಲೇ ಮಾತಾಡಿಕೊಳ್ಳಿ. ಬರೀ ಪಿಡಿಎಫ್ ಕೊಡುತ್ತಾರಾ, ಮೂಲ ಫೈಲ್, ಫಾಂಟ್, ಚಿತ್ರ ಎಲ್ಲ ಕೊಡುತ್ತಾರಾ? ಇನ್‌ಡಿಸೈನ್‌ನಲ್ಲಿ ಇವನ್ನೆಲ್ಲ ಒಂದು ಫೋಲ್ಡರ್‌ಗೆ ಸೇರಿಸಲು ಪ್ಯಾಕೇಜ್ ಅನ್ನುವ ಆಯ್ಕೆ ಇದೆ. ಜೊತೆಗೆ ಐಡಿಎಂಎಲ್ ರೂಪದ ಪ್ರತಿಯನ್ನೂ ಕೇಳಿ ಇಟ್ಟುಕೊಳ್ಳಿ, ಅದನ್ನು ಬೇರೆ ಕೆಲವು ಸಾಫ್ಟ್‌ವೇರ್‌ಗಳೂ ತೆರೆಯುತ್ತವೆ.

7. ಮುದ್ರಿಸುವುದಿದ್ದರೆ

ಪ್ರೆಸ್‌ನವರನ್ನು ಕೇಳಿಯೇ ಫೈಲ್ ಶುರು ಮಾಡಿ. ಅಂಚಿನವರೆಗೆ ಬಣ್ಣ ಅಥವಾ ಚಿತ್ರ ಇದ್ದರೆ ಸುತ್ತಲೂ ಬ್ಲೀಡ್ (ಕತ್ತರಿಸುವ ಗೆರೆಯ ಆಚೆಗೂ ಚಾಚುವ ಭಾಗ) ಬೇಕು, ಸಾಮಾನ್ಯವಾಗಿ 3 ಮಿಲಿಮೀಟರ್. ಚಿತ್ರಗಳು 300 ಪಿಪಿಐ (ಇಂಚಿಗೆ ಇಷ್ಟು ಪಿಕ್ಸೆಲ್) ಇರಲಿ. ಅಂದರೆ ಪೂರ್ತಿ ಎ4 ಪುಟಕ್ಕೆ 2480 × 3508 ಪಿಕ್ಸೆಲ್. ಮಧ್ಯಕ್ಕೆ ಪಿನ್ ಹೊಡೆದ ಪುಸ್ತಿಕೆ ಆದರೆ ಒಟ್ಟು ಪುಟಗಳು ನಾಲ್ಕರಿಂದ ಭಾಗವಾಗಬೇಕು. ಪರದೆಯ ಹೊಳೆಯುವ ನೀಲಿ, ಹಸಿರು ಕಾಗದದ ಮೇಲೆ ಮಂಕಾಗುತ್ತವೆ, ಒಂದು ಪುಟ ಮುದ್ರಿಸಿ ನೋಡಿ. ಮುದ್ರಣವೇ ಇಲ್ಲ ಅನ್ನುವುದಾದರೆ ಇವು ಯಾವುದೂ ಬೇಡ, ಪರದೆಯ ಬಣ್ಣಪದ್ಧತಿಯಾದ ಆರ್‌ಜಿಬಿಯಲ್ಲೇ ಇರಿ.

8. ಕಳಿಸುವ ಮೊದಲು

ಮೂಲ ಫೈಲನ್ನು ಯಾರಿಗೂ ಕಳಿಸಬೇಡಿ. ಪವರ್‌ಪಾಯಿಂಟ್ ಫೈಲನ್ನು ಹಾಗೇ ಕಳಿಸಿದರೆ ಅವರ ಕಂಪ್ಯೂಟರ್‌ನಲ್ಲಿ ನಿಮ್ಮ ಕನ್ನಡ ಫಾಂಟ್ ಇರುವುದಿಲ್ಲ, ಬೇರೆ ಫಾಂಟ್ ಬಂದು ಸಾಲುಗಳೆಲ್ಲ ಜಾರುತ್ತವೆ. ಪಿಡಿಎಫ್‌ನಲ್ಲಿ ಫಾಂಟ್ ಒಳಗೇ ಸೇರಿರುತ್ತದೆ.

ಗಾತ್ರ ನೋಡಿ. ಜಿಮೇಲ್‌ನಲ್ಲಿ ಲಗತ್ತಿನ ಮಿತಿ 25 ಎಂಬಿ. 10 ಎಂಬಿ ಒಳಗೆ ತಂದರೆ ಫೋನಿನಲ್ಲೂ ಬೇಗ ತೆರೆಯುತ್ತದೆ. ಪರದೆಗೆ ಮಾತ್ರ ಆದರೆ ಚಿತ್ರಗಳನ್ನು 150 ಪಿಪಿಐಗೆ ಇಳಿಸಿ ಎಕ್ಸ್‌ಪೋರ್ಟ್ ಮಾಡಬಹುದು. ಸಿಕ್ಕಸಿಕ್ಕ ವೆಬ್‌ಸೈಟಿಗೆ ನಿಮ್ಮ ಅಪ್ರಕಟಿತ ಕಥೆಯ ಪಿಡಿಎಫ್ ಹಾಕಿ ಕುಗ್ಗಿಸಬೇಡಿ, ಸಾಫ್ಟ್‌ವೇರ್‌ನ ಎಕ್ಸ್‌ಪೋರ್ಟ್ ಸೆಟ್ಟಿಂಗ್‌ನಲ್ಲೇ ಅದು ಆಗುತ್ತದೆ. ಟೀಸರ್ ವಿಡಿಯೋ ಇದ್ದರೆ ಫೈಲಿನೊಳಗೆ ತುರುಕದೆ ಕೊಂಡಿ ಕೊಡಿ, ಆ ಕೊಂಡಿ ಪಿಡಿಎಫ್‌ನಲ್ಲಿ ಒತ್ತಿದರೆ ತೆರೆಯುತ್ತದಾ ನೋಡಿ.

ಆಮೇಲೆ ಆ ಪಿಡಿಎಫ್ ಅನ್ನು ಈ ಪಿಚ್ ಇದುವರೆಗೆ ನೋಡಿರದ ಒಬ್ಬರ ಫೋನಿಗೆ ಕಳಿಸಿ. ಅವರು ಪಕ್ಕದಲ್ಲಿ ಕೂತು ಓದಲಿ, ನೀವು ಮಾತಾಡಬೇಡಿ. ಯಾವ ಪುಟದಲ್ಲಿ ಬೆರಳಿನಿಂದ ಎಳೆದು ದೊಡ್ಡದು ಮಾಡಿಕೊಳ್ಳುತ್ತಾರೆ, ಯಾವ ಪುಟವನ್ನು ಓದದೆ ದಾಟುತ್ತಾರೆ ಅಂತ ಬರೆದುಕೊಳ್ಳಿ. ಆ ಪುಟಗಳನ್ನು ತಿದ್ದಿ, ಫೈಲಿಗೆ ಕೃತಿಯ ಹೆಸರು, ನಿಮ್ಮ ಹೆಸರು, ತಿಂಗಳು ಮತ್ತು ವರ್ಷ ಸೇರಿಸಿ ಹೆಸರಿಟ್ಟು ಕಳಿಸಿ.